ಖಾಲಿ ಕ್ರೇಟಿಗೂ ಬೆಲೆ

ಜರ್ಮನಿಯ ಸೂಪರ್‌ಮಾರ್ಕೆಟ್‌ಗಳಲ್ಲಿ ನನಗೆ ತುಂಬ ಹಿಡಿಸಿದ್ದು ಖಾಲಿ ಬಾಟಲಿ ವಾಪಸ್ ಪಡೆಯುವ ಯಂತ್ರ. ಮೇಲಿನ ದುಂಡು ಕಿಂಡಿಗೆ ಒಂದೊಂದೇ ಬಾಟಲಿ, ಕೆಳಗಿನ ಅಗಲ ಕಿಂಡಿಗೆ ಇಡೀ ಕ್ರೇಟು. ಬೆಲ್ಟು ಒಳಗೆಳೆದುಕೊಳ್ಳುತ್ತೆ, ಯಂತ್ರವೇ ಬಾಟಲಿ ಎಣಿಸುತ್ತೆ, ಗುಂಡಿ ಒತ್ತಿದರೆ ಚೀಟಿ. ಬಿಯರ್ ಆದರೆ 20 ಬಾಟಲಿಗೆ ತಲಾ 8 ಸೆಂಟ್, ಕ್ರೇಟಿಗೆ 1.50 ಯೂರೊ, ಒಟ್ಟು 3.10. ಕೊಳ್ಳುವಾಗ ಕಟ್ಟಿದ ಡೆಪಾಸಿಟ್ಟೇ ಅದು. ಆ ಗಾಜಿನ ಬಾಟಲಿಗಳನ್ನು ತೊಳೆದು ಮತ್ತೆ ತುಂಬುತ್ತಾರೆ. ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಗೂ ಈಗ 25 ಸೆಂಟ್ ಇದೆ. ಹಾಗಾಗಿ ಒಬ್ಬರು ರಸ್ತೆಬದಿ ಬಿಟ್ಟುಹೋದರೂ ಇನ್ನೊಬ್ಬರು ಹೆಕ್ಕಿ ತಂದು ಹಾಕುತ್ತಾರೆ.

ಬರೀ ಬುದ್ಧಿವಾದದಿಂದ ಕಸ ಕಡಿಮೆಯಾಗಲ್ಲ. ಖಾಲಿ ಬಾಟಲಿಗೆ ದುಡ್ಡು ಸಿಗುತ್ತೆ ಅಂದರೆ ಯಾರೂ ಅದನ್ನು ಚರಂಡಿಗೆ ಎಸೆಯಲ್ಲ. ನಮ್ಮಲ್ಲೂ ಈ ವ್ಯವಸ್ಥೆ ಊರೂರಿಗೆ ಬರಬೇಕು.