ಬಿರುಕು ಬಿಟ್ಟ ಬಟ್ಟಲು

ಚಾಮರಾಜನಗರದ ನಮ್ಮ ಹಿತ್ತಲಿನ ಹುಣಸೆಮರವು ಒಂದು ಮುಂಗಾರಿನ ಗಾಳಿಗೆ ಉರುಳಿತು. ಗುಂಡ್ಲುಪೇಟೆಯಿಂದ ಬಂದ ಮರದ ವ್ಯಾಪಾರಿಯು, ಗಂಟು ಹೆಚ್ಚು, ತಿರುಳು ಸೀಳಿದೆ, ಪೀಠೋಪಕರಣಕ್ಕೆ ಒದಗದು ಎಂದು ಹಿಂದಿರುಗಿದನು. ನವಿಲು ತಾನಾಗಿ ಉದುರಿಸಿದ ಗರಿಗಳಿಂದಲ್ಲವೆ ಮುನಿಗಳ ಪಿಂಛಿಯಾಗುವುದು? ತಾನಾಗಿ ಬಿದ್ದ ಮರವೂ ಹಾಗೆಯೇ ನಿರ್ದೋಷವೆಂದು ಭಾವಿಸಿ, ನಿವೃತ್ತನಾಗಿದ್ದ ನಾನು ಅದರಿಂದ ಬಟ್ಟಲು, ಮಣೆಗಳನ್ನು ಮಾಡತೊಡಗಿದೆನು.

ಹಸಿಮರವು ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ಹೆಚ್ಚಾಗಿಯೂ, ತಿರುಳಿನಿಂದ ತೊಗಟೆಯತ್ತ ಕಡಿಮೆಯಾಗಿಯೂ ಕುಗ್ಗುತ್ತದೆ. ಈ ಅಸಮತೆಯಿಂದಲೇ ಬಿರುಕು ಹುಟ್ಟುವುದು. ಆದ್ದರಿಂದ ಬಟ್ಟಲನ್ನು ಮೊದಲು ದಪ್ಪವಾಗಿ ಕಡೆದು, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಮತ್ತೆ ಕಡೆಯಬೇಕು. ನನಗೆ ಅಷ್ಟು ತಾಳ್ಮೆಯಿರಲಿಲ್ಲ.

ಬಸದಿಯೊಂದರವರು ಅಕ್ಷತೆಗಾಗಿ ಆರು ಬಟ್ಟಲುಗಳನ್ನು ಬೆಲೆಗೆ ಕೇಳಿದ್ದರು. ಪರ್ವದಿನ ಸಮೀಪಿಸಿದಾಗ ಒಂದರ ತಳ ಸೀಳಿತು. ಅರಗು ಕರಗಿಸಿ, ಮರದ ಹುಡಿ ಬೆರೆಸಿ, ಸೀಳನ್ನು ತುಂಬಿ ಉಜ್ಜಿದೆನು. ದೋಷವು ಕಣ್ಣಿಗೆ ಕಾಣದಾಯಿತು. ಆರರ ಬೆಲೆಯನ್ನೂ ಪಡೆದು ಬಂದೆನು.

"ಅದಕ್ಕೆ ತುಂಬಿದ್ದೇನು?" ಎಂದು ವೃದ್ಧ ತಾಯಿ ಕೇಳಿದರು. "ಅರಗು" ಎಂದೆನು. ಅವರು ಮತ್ತೇನೂ ಆಡಲಿಲ್ಲ.

ಅರಗು ಕೀಟಗಳ ಸ್ರಾವ. ಅದನ್ನು ಕೆರೆದು ತೆಗೆಯುವಲ್ಲಿ ಎಣಿಸಲಾರದಷ್ಟು ಜೀವಗಳು ಅಳಿಯುತ್ತವೆ. ಶ್ರಾವಕನು ವರ್ಜಿಸಬೇಕಾದ ಕಸುಬುಗಳಲ್ಲಿ ಲಾಕ್ಷಾವಾಣಿಜ್ಯವನ್ನೂ ಎಣಿಸಿರುವುದು ಅಕಾರಣವಲ್ಲ. ಬಿದ್ದ ಮರವೆಂದು ಹೆಮ್ಮೆಪಟ್ಟವನು ಅದರ ಬಿರುಕಿನಲ್ಲಿ ಹಿಂಸೆಯನ್ನು ತುಂಬಿದ್ದೆನು.

ಅಷ್ಟೇ ಅಲ್ಲ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದಾಗಿ ಪ್ರತಿರೂಪಕ ವ್ಯವಹಾರವನ್ನು ಹೇಳುತ್ತದೆ. ಕೃತಕವಾದುದನ್ನು ನಿಜದಂತೆ ತೋರಿಸಿ ಮಾರುವುದು. ಆ ಸೂತ್ರಗಳಿಗೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದವರು ಪೂಜ್ಯಪಾದಾಚಾರ್ಯರು. ನಮ್ಮ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಅವರ ತಪೋಭೂಮಿಯೆಂಬುದು ಪರಂಪರೆಯ ನಂಬಿಕೆ. ಆ ಬೆಟ್ಟವನ್ನು ಎಷ್ಟೋ ಸಲ ಹತ್ತಿದ್ದ ನನಗೆ ಅಂಗಡಿಯಲ್ಲಿನ ಕಲಬೆರಕೆ ಕಾಣುತ್ತಿತ್ತೇ ಹೊರತು ನನ್ನ ಉಳಿಯ ತುದಿಯದು ಕಂಡಿರಲಿಲ್ಲ.

ಮರುದಿನ ಹೋಗಿ ವಿಷಯ ತಿಳಿಸಿ, ಆ ಬಟ್ಟಲಿನ ಹಣ ಹಿಂದಿರುಗಿಸಿ, ಅದನ್ನು ಮರಳಿ ಪಡೆದೆನು. ಬಸದಿಯ ಹಿರಿಯರು, "ಉಳಿದ ಐದರಲ್ಲಿ?" ಎಂದರು. ಬೆಳಕಿಗೆ ಹಿಡಿದು ನೋಡಿದೆವು. ಎರಡರಲ್ಲಿ ಕೂದಲೆಳೆಯಂಥ ಬಿರುಕಿದ್ದಿತು. "ಅಕ್ಕಿ ಸೋರದು, ಇರಲಿ. ಸಂದಿಯಲ್ಲಿ ಜೀವ ಸೇರದಂತೆ ದಿನವೂ ಒರೆಸಿದರಾಯಿತು," ಎಂದು ಅವನ್ನು ಇರಿಸಿಕೊಂಡರು.

ಈಗ ಹುಳು ಕೊರೆದ ತುಂಡುಗಳನ್ನು ನಾನು ಮುಟ್ಟದೆ ಹಿತ್ತಲಲ್ಲಿಯೇ ಬಿಡುತ್ತೇನೆ. ಉಳಿದವುಗಳ ಗಂಟು, ಬಿರುಕುಗಳನ್ನು ಬೆರಳಿಟ್ಟು ತೋರಿಸಿಯೇ ಕೊಡುತ್ತೇನೆ. ಕೆಲವರು ಬೇಡವೆನ್ನುತ್ತಾರೆ. ಅರಗು ತುಂಬಿದ ಆ ಬಟ್ಟಲು ನನ್ನ ಕೆಲಸದ ಹಲಗೆಯ ಮೇಲಿದೆ. ಅದನ್ನು ಮಾರಲಿಲ್ಲ, ಸುಡಲೂ ಇಲ್ಲ.