ಹಿತ್ತಿಲ ಬಾಗಿಲಿನ ನೆಂಟರು

ನಮ್ಮ ಮನೆಗೆ ಎರಡು ಬಾಗಿಲು. ಮುಂಬಾಗಿಲಿಗೆ ರಂಗೋಲಿ, ಹೊಸ್ತಿಲಿಗೆ ಅರಿಸಿನ ಕುಂಕುಮ, ಬಂದವರಿಗೆ ಬೆತ್ತದ ಕುರ್ಚಿ, ಸ್ಟೀಲಿನ ಲೋಟದಲ್ಲಿ ಕಾಫಿ. ಹಿತ್ತಿಲ ಬಾಗಿಲಿಗೆ ಇದಾವುದೂ ಇಲ್ಲ. ಆದರೆ ಅಲ್ಲಿಂದ ಬರುತ್ತಿದ್ದ ನೆಂಟರಿಗೆ ಕಾಫಿಯ ಜೊತೆ ಊಟವೂ ಸಿಗುತ್ತಿತ್ತು. ದೀಪ ಹಚ್ಚಿದ ಮೇಲೆ ಬಚ್ಚಲುಮನೆ ಪಕ್ಕದ ಕಿರುಬಾಗಿಲಿನ ಚಿಲಕ ಎರಡು ಸಲ ಮೆಲ್ಲಗೆ ಅಲ್ಲಾಡಿತೆಂದರೆ ಅಪ್ಪ ಪತ್ರಿಕೆ ಮಡಿಸಿಟ್ಟು ಏಳುತ್ತಿದ್ದರು. ಅಮ್ಮ ಸಾರಿನ ಪಾತ್ರೆಯನ್ನು ಮತ್ತೆ ಒಲೆಗೇರಿಸುತ್ತಿದ್ದಳು. ಮಕ್ಕಳಾದ ನಾವು ನಡುಮನೆಯಲ್ಲಿ ಕೂತು ಮಗ್ಗಿಯನ್ನು ಗಟ್ಟಿಯಾಗಿ ಹೇಳಬೇಕು. ಒಳಗಿನ ಮಾತು ಹೊರಗೆ ಕೇಳಬಾರದೆಂದು ಅಪ್ಪನ ಆಜ್ಞೆ. ನನಗೆ ಇವತ್ತಿಗೂ ಹದಿನೇಳರ ಮಗ್ಗಿ ತಪ್ಪದೆ ಬರುವುದಕ್ಕೆ ಸರ್ಕಾರದ ಗುಪ್ತಚರ ವ್ಯವಸ್ಥೆಯೇ ಕಾರಣ!

ಅಪ್ಪ ಜಿಲ್ಲೆಯ ಪೊಲೀಸ್ ಸ್ಪೆಷಲ್ ಬ್ರಾಂಚಿನಲ್ಲಿದ್ದರು. ಸಮವಸ್ತ್ರವಿಲ್ಲ, ಲಾಠಿಯಿಲ್ಲ, ಒಂದು ಹಳೇ ಸೈಕಲ್ಲು. ಕಳ್ಳರನ್ನು ಹಿಡಿಯುವುದು ಅವರ ಕೆಲಸವಲ್ಲ. ಎಲ್ಲಿ ಯಾರು ಸಭೆ ಸೇರುತ್ತಾರೆ, ಯಾವ ಮುಷ್ಕರ ಎಂದು ಶುರುವಾಗುತ್ತದೆ, ಯಾವ ಮೆರವಣಿಗೆಯಲ್ಲಿ ಕಲ್ಲು ಬೀಳಬಹುದು ಎಂಬುದನ್ನು ಮೊದಲೇ ತಿಳಿದು ಮೇಲಿನವರಿಗೆ ಬರೆಯಬೇಕು. ಅಪ್ಪನಿಗೆ ಕಿವಿ ಎರಡೇ, ಊರು ದೊಡ್ಡದು. ಆದ್ದರಿಂದ ಬಾತ್ಮೀದಾರರು. ಅವರ ಹೆಸರನ್ನು ಅಪ್ಪ ಎಲ್ಲಿಯೂ ಬರೆಯುತ್ತಿರಲಿಲ್ಲ. ಪುಟ್ಟ ನೋಟುಬುಕ್ಕಿನಲ್ಲಿ ಬರೀ ನಂಬರು, ಕೊಟ್ಟ ಹಣ. ಅಮ್ಮನೂ ಹೆಸರು ಕೇಳುವಂತಿರಲಿಲ್ಲ. ಆದರೆ ಬಡಿಸುವವಳಿಗೆ ಒಂದು ಹೆಸರು ಬೇಡವೇ? ಒಬ್ಬ ‘ಮಜ್ಜಿಗೆ’, ಇನ್ನೊಬ್ಬ ‘ಕೆಮ್ಮು’, ಮತ್ತೊಬ್ಬ ‘ಉಪ್ಪಿನಕಾಯಿ ಬೇಡ’. “ರೀ, ಕೆಮ್ಮು ಮೂರು ವಾರದಿಂದ ಬಂದಿಲ್ಲವಲ್ಲ” ಎಂದು ಅಮ್ಮ ಕೇಳಿದರೆ ಅಪ್ಪ ಗದರುತ್ತಿದ್ದರು. ಗದರಿದ್ದು ಯಾಕೆಂದು ನನಗೆ ಗೊತ್ತಾದದ್ದು ಜಾತ್ರೆಯ ದಿನ.

ಜಾತ್ರೆಯಲ್ಲಿ, ಬತ್ತಾಸಿನ ಅಂಗಡಿಯ ಮುಂದೆ, ‘ಮಜ್ಜಿಗೆ’ ಹತ್ತಾರು ಜನರ ನಡುವೆ ನಿಂತಿದ್ದ. ನನಗೆ ಎಂಟೋ ಒಂಬತ್ತೋ ವರ್ಷ. “ಮಾಮಾ!” ಎಂದು ಓಡಿಹೋಗಿ ಕೈ ಹಿಡಿದೆ. ಅವನು ನನ್ನನ್ನು ನೋಡಿದ ನೋಟ ಮರೆಯಲಾರೆ. ಗುರುತೇ ಇಲ್ಲದವನಂತೆ ಕೈ ಕೊಡವಿ, “ಯಾರ ಮಗು ಇದು?” ಎಂದ. ಆ ರಾತ್ರಿ ಅಪ್ಪ ನನ್ನ ಕೆನ್ನೆಗೆ ಬಾರಿಸಿದರು. ಜನ್ಮದಲ್ಲಿ ಅದೊಂದೇ ಸಲ. ಆಮೇಲೆ ಅವರ ಕೈಯೇ ನಡುಗುತ್ತಿತ್ತು. ‘ಮಜ್ಜಿಗೆ’ ಮತ್ತೆ ಎರಡು ತಿಂಗಳು ನಮ್ಮ ಕಡೆ ಸುಳಿಯಲಿಲ್ಲ.

ಅಪ್ಪ ಜನರನ್ನು ಆರಿಸುತ್ತಿದ್ದ ರೀತಿ ನೋಡಿದರೆ, ಹೆಣ್ಣಿಗೆ ಗಂಡು ಹುಡುಕುವವರೂ ಅಷ್ಟು ವಿಚಾರಿಸುವುದಿಲ್ಲ. ಮೊದಲು ತಿಂಗಳುಗಟ್ಟಲೆ ದೂರದಿಂದ ನೋಡುವುದು. ಇವನು ಎಲ್ಲಿಗೆಲ್ಲ ಹೋಗಬಲ್ಲ, ಕುಡಿದರೆ ಬಾಯಿ ಬಿಡುತ್ತಾನೆಯೇ, ಸಾಲವೆಷ್ಟು, ಯಾರ ಮೇಲೆ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚಿನವರನ್ನು ಅಪ್ಪ ಬೇಗ ನಂಬುತ್ತಿರಲಿಲ್ಲ. ಅವರು ದಾಯಾದಿಯ ಮೇಲಿನ ಸಿಟ್ಟನ್ನು ಸರ್ಕಾರದ ಕೈಯಿಂದ ತೀರಿಸಿಕೊಳ್ಳುತ್ತಾರಂತೆ. ಹಣವನ್ನೂ ಒಟ್ಟಿಗೆ ಕೊಡಬಾರದು. ಕೂಲಿಯವನು ಹೊಸ ಗಡಿಯಾರ ಕಟ್ಟಿಕೊಂಡರೆ ಇಡೀ ಕೇರಿ ಸಮಯ ಕೇಳುತ್ತದೆ. ಕೈಲಾಗದ್ದನ್ನು ಮಾತು ಕೊಡಬಾರದು. ಒಬ್ಬನನ್ನು ಇನ್ನೊಬ್ಬ ನೋಡಬಾರದು. ಮುಪ್ಪಿನಲ್ಲಿ ಒಮ್ಮೆ ಅವರೇ ಹೇಳಿದ್ದರು: “ದುಡ್ಡಿಗೆ ಬಂದವರು ಕಮ್ಮಿ ಕಣೇ. ಅವರ ಮಾತನ್ನ ಕೂತು ಕೇಳೋರು ಯಾರೂ ಇರಲಿಲ್ಲ. ನಾನು ಕೇಳ್ತಿದ್ದೆ.” ಮನೆಯಲ್ಲಿ ಅಮ್ಮನ ಮಾತಿಗೆ ಪತ್ರಿಕೆಯಿಂದ ತಲೆ ಎತ್ತದ ಮನುಷ್ಯ ಇವರೇ.

ಮದುವೆಯಾದ ಮೇಲೆ ಮೈಸೂರಿನಲ್ಲಿದ್ದಾಗ ಕೌಟಿಲ್ಯನ ಅರ್ಥಶಾಸ್ತ್ರ ಓದಿದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳ ಕೈಗೆ ಓಲೆಗರಿಯ ಪ್ರತಿ 1905ರಲ್ಲಿ ಸಿಕ್ಕಿ, 1909ರಲ್ಲಿ ಅಚ್ಚಾಗಿ, ಲೋಕಕ್ಕೆಲ್ಲ ತಿಳಿದ ಗ್ರಂಥ. ತೆರೆದು ನೋಡಿದರೆ ನಮ್ಮಪ್ಪನ ನೋಟುಬುಕ್ಕೇ! ಒಂದೇ ಕಡೆ ನೆಲೆಯೂರಿದ ಗೂಢಚಾರರು, ಅಲೆಯುವ ಗೂಢಚಾರರು. ಶಿಷ್ಯನ ವೇಷ, ರೈತನ ವೇಷ, ವ್ಯಾಪಾರಿಯ ವೇಷ, ತಪಸ್ವಿಯ ವೇಷ. ಒಬ್ಬರ ಗುರುತು ಒಬ್ಬರಿಗಿರಬಾರದು. ಮೂವರು ಬೇರೆ ಬೇರೆಯಾಗಿ ಒಂದೇ ಮಾತು ತಂದರೆ ಮಾತ್ರ ನಂಬಬೇಕು. ಮತ್ತೆ ಮತ್ತೆ ತಪ್ಪು ಸುದ್ದಿ ತಂದವನಿಗೆ ಗುಟ್ಟಾಗಿ ಶಿಕ್ಷೆ, ಇಲ್ಲವೇ ಕೆಲಸದಿಂದ ವಜಾ. ಶತ್ರುರಾಜನಲ್ಲೂ ಸಂಬಳ ತೆಗೆದುಕೊಳ್ಳುವ ಎರಡು ಸಂಬಳದವನನ್ನು ನೇಮಿಸುವಾಗ ಅವನ ಹೆಂಡತಿ ಮಕ್ಕಳನ್ನು ಒತ್ತೆಯಾಗಿ ಇಟ್ಟುಕೊಳ್ಳಬೇಕು. ಆ ಹೆಂಡತಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರೋ ಇಲ್ಲವೋ!

ನನ್ನನ್ನು ಹಿಡಿದು ನಿಲ್ಲಿಸಿದವಳು ಪರಿವ್ರಾಜಿಕೆ. ಬಡವಳಾದ ವಿಧವೆ, ಧೈರ್ಯಸ್ಥೆ, ಬದುಕಿಗೆ ದಾರಿ ಬೇಕಾದವಳು. ಅಂತಃಪುರದಲ್ಲಿ ಅವಳಿಗೆ ಗೌರವವಿರುವುದರಿಂದ ದೊಡ್ಡ ಅಧಿಕಾರಿಗಳ ಮನೆಗಳಿಗೆ ಸಲೀಸಾಗಿ ಹೋಗಿಬರಬಲ್ಲಳು. ವ್ಯಾಪಾರಿ, ತಪಸ್ವಿಗಳ ವೇಷದವರಿಗೆ ಸಾವಿರ ಪಣ ಸಂಬಳವಾದರೆ ಭಿಕ್ಷುಕಿಗೆ ಐನೂರು. ಅದೇ ಐನೂರಿನ ದರ್ಜೆಯಲ್ಲಿ ಗಂಡಸರೂ ಇದ್ದಾರೆನ್ನಿ, ಸುಳ್ಳೇಕೆ ಹೇಳಲಿ. ಆದರೆ ಆ ಸಾಲು ಓದಿದಾಗ ನನಗೆ ಕಂಡದ್ದು ಕೌಟಿಲ್ಯನ ಕಾಲದವಳಲ್ಲ. ನಮ್ಮ ಹಿತ್ತಿಲಲ್ಲಿ, ತೊಳೆಯುವ ಕಲ್ಲಿನ ಮೇಲೆ ಕೂರುತ್ತಿದ್ದವಳು.

ಅಮ್ಮನಂತೆ ನಾನೂ ಅವಳಿಗೊಂದು ಹೆಸರಿಡುತ್ತೇನೆ. ಹೂವಿನವಳು ಎನ್ನೋಣ. ಅವಳು ಮಾರುತ್ತಿದ್ದದ್ದು ಹೂವಲ್ಲ. ಆದರೆ ದಿನಾ ಮನೆಮನೆಯ ನಡುಮನೆಯವರೆಗೂ ಹೋಗುವಂಥದ್ದೇ. ಗಂಡ ಸತ್ತಿದ್ದ, ಒಬ್ಬ ಮಗ. ಅವನಿಗೆ ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಬೇಕಿತ್ತು. ಅಪ್ಪ ಕೊಡಿಸಿದರು. ಅಷ್ಟೇ. ಒಂದು ಕಾಗದವಿಲ್ಲ, ಆಣೆಯಿಲ್ಲ. ಆದರೆ ಮುಂದಿನ ತಿಂಗಳಿಂದ ಅವಳು ಹಿತ್ತಿಲ ಬಾಗಿಲಿಗೆ ಬರತೊಡಗಿದಳು.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರಂಥವರು ಬೆಂಗಳೂರಿನ ಸೆರೆಮನೆಯಲ್ಲಿದ್ದ ಕಾಲ. ಪತ್ರಿಕೆಗಳ ಬಾಯಿ ಕಟ್ಟಿತ್ತು. ಆದ್ದರಿಂದ ಗುಟ್ಟಾಗಿ ಅಚ್ಚಾದ ಕರಪತ್ರಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಅವು ಎಲ್ಲಿಂದ ಬರುತ್ತವೆ ಎಂದು ಅಪ್ಪನ ಮೇಲಿನವರು ದಿನಕ್ಕೆ ಮೂರು ಸಲ ಫೋನಿನಲ್ಲಿ ಕೇಳುತ್ತಿದ್ದರು. ಒಂದು ಸಂಜೆ ಹೂವಿನವಳು ಬಂದು ಹೇಳಿದಳು: ಮೇಷ್ಟರ ಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಕಾಗದದ ಕಟ್ಟು ಇದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಅದು ಏನೆಂದು ತಿಳಿಯದೆಯೇ ಹೇಳಿದಳು ಎಂದು ಅಮ್ಮ ಕೊನೆಯವರೆಗೂ ವಾದಿಸುತ್ತಿದ್ದಳು. ನನಗೆ ಅಷ್ಟು ಖಾತ್ರಿಯಿಲ್ಲ.

ಆ ಸಲ ಮೂವರ ಮಾತಿಗೆ ಯಾರೂ ಕಾಯಲಿಲ್ಲ. ಮೇಷ್ಟರನ್ನು ಬೆಳಗಿನ ಜಾವ ಕರೆದೊಯ್ದರು. ಅವರ ಹೆಂಡತಿಗೆ ಏಳು ತಿಂಗಳು. ಹೆದರಿದ ಊರಿನವರು ಆ ಮನೆಯ ಮುಂದಿನ ದಾರಿಯನ್ನೇ ಬಿಟ್ಟರು. ತೌರಿನವರೂ ಹಿಂಜರಿದರು.

ನಾಲ್ಕು ದಿನದ ಮೇಲೆ ಹೂವಿನವಳು ಬಂದಳು. ಅಪ್ಪನನ್ನು ಕೇಳಲಿಲ್ಲ. ಅಮ್ಮನ ಹತ್ತಿರ ನಿಂತು, “ಆಯಮ್ಮ ನಂಗೆ ದಿನಾ ಕಾಫಿ ಕೊಡ್ತಿದ್ರು, ಅಮ್ಮಾರೇ. ಅವತ್ತೂ ಕೊಟ್ಟಿದ್ರು” ಎಂದಳು. ಅಪ್ಪ ಎಂದಿನಂತೆ ಹಣ ತಂದು ನೀಡಿದರು. ಅವಳು ಸೆರಗಿನಲ್ಲಿ ಕೈ ಸುತ್ತಿಕೊಂಡು ಹೊರಟುಹೋದಳು. ಮತ್ತೆಂದೂ ನಮ್ಮ ಹಿತ್ತಿಲಿಗೆ ಬರಲಿಲ್ಲ. ಅವಳು ಹೋದದ್ದು ಮೇಷ್ಟರ ಮನೆಗೆ. ಹೆರಿಗೆಯ ರಾತ್ರಿ ಜೊತೆಗಿದ್ದವಳು ಅವಳು. ಬಾಣಂತನ ಮಾಡಿ, ಮಗುವಿಗೆ ಎಣ್ಣೆ ನೀರೆರೆದವಳು ಅವಳು. 1977ರಲ್ಲಿ ಮೇಷ್ಟರು ಬಿಡುಗಡೆಯಾಗಿ ಬಂದು ಹೊಸ್ತಿಲಲ್ಲಿ ನಿಂತಾಗ ಹೆಣ್ಣುಮಗು ಅವಳ ಕಂಕುಳಲ್ಲಿತ್ತಂತೆ. ಮೇಷ್ಟರು ಅವಳ ಕಾಲಿಗೆ ಬಗ್ಗಲು ಹೋದರೆಂದು ಊರೆಲ್ಲ ಹೇಳಿಕೊಂಡು ಕಣ್ಣೊರೆಸಿಕೊಂಡಿತು. ಅಮ್ಮ ಆ ದಿನ ಊಟ ಮಾಡಲಿಲ್ಲ.

1992ರಲ್ಲಿ, ಅಪ್ಪ ನಿವೃತ್ತರಾಗಿದ್ದಾಗ, ಜರ್ಮನಿಯ ಸುದ್ದಿ ಬಂತು. ಪೂರ್ವ ಜರ್ಮನಿಯ ಗುಪ್ತ ಪೊಲೀಸರಾದ ಸ್ಟಾಸಿಯ ಕಡತಗಳನ್ನು, ಯಾರ ಮೇಲೆ ಕಣ್ಣಿಟ್ಟಿದ್ದರೋ ಅವರೇ ಓದಬಹುದೆಂದು ಅಲ್ಲಿನ ಸರ್ಕಾರ ತೆರೆದಿಟ್ಟಿತ್ತು. ಕೊನೆಗಾಲದಲ್ಲಿ ಆ ಇಲಾಖೆಗೆ ಸುಮಾರು 91,000 ನೌಕರರು. ಅವರಲ್ಲದೆ ಗುಟ್ಟಿನ ಸುದ್ದಿಗಾರರು ಸುಮಾರು 1,89,000. ಒಪ್ಪಿಕೊಂಡವರಲ್ಲಿ ಹೆಚ್ಚಿನವರು ತಮ್ಮ ಕೈಯಿಂದಲೇ ಮುಚ್ಚಳಿಕೆ ಬರೆದು, ಒಂದು ಗುಪ್ತನಾಮ ಇಟ್ಟುಕೊಳ್ಳಬೇಕಿತ್ತು. ವೇರಾ ವೋಲೆನ್‌ಬರ್ಗರ್ ಎಂಬ ಹೋರಾಟಗಾರ್ತಿಯ ಮೇಲೆ ‘ಡೊನಾಲ್ಡ್’ ಎಂಬ ಹೆಸರಿನಲ್ಲಿ ವರದಿ ಕೊಡುತ್ತಿದ್ದವನು ಅವಳ ಗಂಡನೇ. ನಾನು ಓದಿ ಹೇಳಿದೆ. ಅಮ್ಮ ಹುರುಳಿಕಾಯಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿ, “ಇಷ್ಟು ವರ್ಷ ನಾನು ಬಡಿಸಿದ್ದು ಯಾರಿಗೆ ಅಂತ ಅನ್ನಿಸಿರಬೇಕು ಪಾಪ” ಎಂದಳು. ಅಪ್ಪ ಬಹಳ ಹೊತ್ತಿನ ಮೇಲೆ, “ನಮ್ಮಲ್ಲಿ ಹಾಗೆ ತೆರೆಯೋಲ್ಲ” ಎಂದರು. ಅವರು ಹೇಳಿದ್ದು ನಿಜ. ಸುದ್ದಿ ಕೊಟ್ಟವರು ಯಾರೆಂದು ಪೊಲೀಸನನ್ನು ಒತ್ತಾಯಿಸಿ ಕೇಳುವಂತಿಲ್ಲವೆಂದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. 2005ರ ಮಾಹಿತಿ ಹಕ್ಕಿನಲ್ಲೂ ಅದಕ್ಕೆ ಬೀಗ ಇದೆ.

ಅಪ್ಪ 1994ರಲ್ಲಿ ಹೋದರು. ಹದಿಮೂರು ದಿನ ಕಳೆದ ಮೇಲೆ ಅಮ್ಮ ಟ್ರಂಕಿನ ತಳದಿಂದ ನೋಟುಬುಕ್ಕನ್ನು ತೆಗೆದು ಹಂಡೆಯೊಲೆಗೆ ಹಾಕಿದಳು. “ಬರೀ ನಂಬರು ತಾನೇ ಅಮ್ಮ?” ಎಂದೆ. “ನಂಬರಿಗೂ ಮಕ್ಕಳು ಮರಿ ಇರ್ತವೆ” ಎಂದಳು. ಆ ನೀರಿನಲ್ಲಿ ನಾವೆಲ್ಲ ಸ್ನಾನ ಮಾಡಿದೆವು.

ಮೇಷ್ಟರ ಮಗಳು ನನ್ನ ಜೊತೆ ಒಂದೇ ಆಫೀಸಿನಲ್ಲಿ ಕೆಲಸ ಮಾಡಿದವಳು. ಈಗಲೂ ಬಂದುಹೋಗುತ್ತಾಳೆ. ಅವಳ ಮನೆಯಲ್ಲಿ ತಂದೆ ತಾಯಿಯ ಪಕ್ಕದಲ್ಲೇ ಹೂವಿನವಳ ಫೋಟೋ ಇದೆ; ಗೌರಿಹಬ್ಬಕ್ಕೆ ಅವಳ ಹೆಸರಿನಲ್ಲಿ ಒಂದು ಸೀರೆ ದಾನ ಮಾಡುತ್ತಾಳೆ. ಹೋದ ವರ್ಷ ಒಂದು ಮಧ್ಯಾಹ್ನ ನಮ್ಮ ಅಡಿಗೆಮನೆಯಲ್ಲಿ ಕೂತು ಇದ್ದಕ್ಕಿದ್ದಂತೆ ಕೇಳಿದಳು: “ಅಕ್ಕಾ, ನಿಮ್ಮಪ್ಪ ಆಗ ಪೊಲೀಸ್‌ನಲ್ಲಿದ್ರಲ್ಲ. ನಮ್ಮಪ್ಪನ್ನ ಯಾರು ಹಿಡಿದುಕೊಟ್ಟಿದ್ದು ಅಂತ ಮನೇಲಿ ಯಾವತ್ತಾದ್ರೂ ಮಾತು ಬಂದಿತ್ತಾ? ನಮ್ಮಪ್ಪ ಸಾಯೋವರೆಗೂ ಪಕ್ಕದ ಮನೆಯವರನ್ನ ಅನುಮಾನಿಸ್ತಿದ್ರು. ಅವರ ಜೊತೆ ಮಾತೇ ಬಿಟ್ಟಿದ್ರು.”

ಪಕ್ಕದ ಮನೆಯವರು! ಅವರ ವಿಷಯ ನಮ್ಮ ಯಾರಿಗೂ ಹೊಳೆದೇ ಇರಲಿಲ್ಲ.

“ಪಕ್ಕದ ಮನೆಯವರಲ್ಲ” ಎಂದೆ. “ಅಷ್ಟು ಮಾತ್ರ ನನಗೆ ಗೊತ್ತು.”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಎದ್ದು, ಇದ್ದ ಡಿಕಾಕ್ಷನ್ನಿಗೇ ಹಾಲು ಬೆರೆಸಿ ಇನ್ನೊಂದು ಲೋಟ ಕಾಫಿ ಅವಳ ಮುಂದಿಟ್ಟೆ. ಎರಡು ಗುಟುಕು ಕುಡಿದು, “ಹಾಗಾದ್ರೆ ನಾಳೆ ಅವರ ಮನೆಗೆ ಹೋಗಿಬರ್ತೀನಿ” ಎಂದಳು. ಮತ್ತೇನೂ ಕೇಳಲಿಲ್ಲ.