ನಾಟ್ಯವಿದ್ಯೆಗೊಂದು ಗುರುಮನೆ

ಕನ್ನಡ ಕರಾವಳಿಯ ಮನೆಗಳಲ್ಲಿ ಒಂದು ವಿಚಿತ್ರವಾದ ವೈರುಧ್ಯವು ಬಹುಕಾಲದಿಂದ ನಡೆದುಬಂದಿದೆ. ಮಗುವಿನ ಕಾಯಿಲೆ ವಾಸಿಯಾದರೆ ಕಟೀಲಿನ ದೇವಿಗೋ ಮಂದಾರ್ತಿಯ ಅಮ್ಮನಿಗೋ ಆಟವಾಡಿಸುವೆವೆಂದು ಹರಕೆ ಹೊರುವರು. ಸರದಿ ಬರುವವರೆಗೆ ವರ್ಷಗಟ್ಟಲೆ ಕಾಯುವರು. ಆಟದ ದಿನ ನೆಂಟರಿಷ್ಟರನ್ನೆಲ್ಲ ಕರೆದು ಉಣಬಡಿಸಿ, ಚೌಕಿಯಲ್ಲಿ ನಡೆಯುವ ಪೂಜೆಗೆ ಕೈಮುಗಿದು ನಿಲ್ಲುವರು. ಅದೇ ಮಗು ಬೆಳೆದು, ತಾನೂ ಆ ಚೌಕಿಯಲ್ಲಿ ಕುಳಿತು ಬಣ್ಣ ಹಚ್ಚುವೆನೆಂದು ಒಂದು ದಿನ ಹೇಳಿತೆಂದರೆ ಮನೆಯಲ್ಲಿ ಮಾತು ನಿಂತುಹೋಗುವುದು. ದೇವರಿಗೆ ಸಲ್ಲುವ ವಿದ್ಯೆಯು ಮಗನಿಗೆ ಸಲ್ಲದೆಂಬ ಈ ಭಾವನೆಯನ್ನು ನಗೆಯಾಡಿ ಕಳೆಯುವಂತಿಲ್ಲ. ಅದರ ಬುಡದಲ್ಲಿ ಅನ್ನದ ಚಿಂತೆಯೂ ಮಾನದ ಚಿಂತೆಯೂ ಇವೆ.

ಕಾಪುವಿನ ಒಂದು ಮನೆಯಲ್ಲಿ ಹೀಗೆಯೇ ನಡೆಯಿತು. ತಂದೆ ಬ್ಯಾಂಕಿನ ಗುಮಾಸ್ತರು; ಹುಡುಗನು ಪಿಯುಸಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದನು. ಅಂಥ ಹುಡುಗನ ದಾರಿಯನ್ನು ಆ ಊರಿನವರು ಮೊದಲೇ ನಿಶ್ಚಯಿಸಿರುತ್ತಾರೆ. 1953ರಲ್ಲಿ ವೈದ್ಯಕೀಯ ಕಾಲೇಜೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಹುಟ್ಟಿದ ಮಣಿಪಾಲದ ಗುಡ್ಡವು ಮನೆಯಿಂದ ಒಂದು ಗಂಟೆಯ ದಾರಿಯೂ ಅಲ್ಲ. ಹುಡುಗನು ಮಾತ್ರ ತಾನು ನಟನಾಗಬೇಕೆಂದನು. ತಂದೆಯು ಕೋಪಿಸಿಕೊಳ್ಳಲಿಲ್ಲ, "ಆಗಲಿ, ಎಲ್ಲಿ ಕಲಿಯುವೆ?" ಎಂದಷ್ಟೇ ಕೇಳಿದರು. ಹುಡುಗನಲ್ಲಿ ಉತ್ತರವಿರಲಿಲ್ಲ. ಅವನು ಮೊಬೈಲಿನಲ್ಲಿ ಹುಡುಕಿ ತೋರಿಸಿದುದೆಲ್ಲ ಮೂರು ತಿಂಗಳಲ್ಲಿ ಚಲನಚಿತ್ರದ ನಟನನ್ನು ಮಾಡಿಕೊಡುವೆವೆನ್ನುವ ದೊಡ್ಡ ಪಟ್ಟಣಗಳ ಜಾಹೀರಾತುಗಳೇ. ಬೇಡವೆನ್ನುವ ಧೈರ್ಯವೂ ಹೂಂ ಎನ್ನುವ ನೆಮ್ಮದಿಯೂ ಇಲ್ಲದೆ ತಂದೆಯು ಕಾರ್ಕಳದಲ್ಲಿದ್ದ ಭಾವನವರನ್ನು ಕರೆಸಿದರು.

ತಂದೆಯ ಅಂಜಿಕೆಯು ಹೊಸತಲ್ಲವೆಂಬುದನ್ನು ಭರತಮುನಿಯ ನಾಟ್ಯಶಾಸ್ತ್ರವೇ ಹೇಳುವುದು. ಆ ಗ್ರಂಥದ ಕಡೆಯ ಭಾಗದಲ್ಲಿ ಭರತನ ಮಕ್ಕಳು ವಿದ್ಯಾಮದದಿಂದ ಋಷಿಗಳನ್ನೇ ಹಾಸ್ಯಮಾಡಿ ಆಡಿದರೆಂದೂ, ಋಷಿಗಳ ಶಾಪದಿಂದ ನಟರ ಕುಲಕ್ಕೆ ಹೀನತೆಯು ಬಂದಿತೆಂದೂ ಕಥೆಯುಂಟು. ಆದರೆ ಆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಪ್ರಾಣವನ್ನೇ ಬಿಡಹೊರಟ ಮಕ್ಕಳನ್ನು ತಂದೆಯು ತಡೆದು, ವಿದ್ಯೆಯನ್ನು ನಾಶಮಾಡಬೇಡಿರಿ, ಶಿಷ್ಯರಿಗೆ ಕಲಿಸಿರಿ ಎಂದು ಹೇಳುತ್ತಾನೆ. ನಟನ ಮಾನವನ್ನು ಕಳೆದುದು ಅಂಕೆಯಿಲ್ಲದ ಆಟ. ಅದನ್ನು ಉಳಿಸಿದುದು ಶಿಕ್ಷಣ. ಈ ವಿದ್ಯೆಗೆ ಯಾವ ಗುರುಮನೆಯನ್ನು ಆರಿಸಬೇಕೆಂಬ ಪ್ರಶ್ನೆಯು ಅಂದಿನಿಂದಲೇ ಮಾನದ ಪ್ರಶ್ನೆಯೂ ಆಗಿದೆ.

ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ. ಬ್ರಹ್ಮನು ನಾಟ್ಯವೇದವನ್ನು ನಿರ್ಮಿಸಿ ದೇವತೆಗಳಿಗೆ ಕೊಡಬೇಕೆಂದಾಗ, ದೇವತೆಗಳು ಇದಕ್ಕೆ ಯೋಗ್ಯರಲ್ಲವೆಂದು ಇಂದ್ರನೇ ಒಪ್ಪಿಕೊಳ್ಳುತ್ತಾನೆ. ಗ್ರಹಣ, ಧಾರಣ, ಜ್ಞಾನ, ಪ್ರಯೋಗ ಎಂಬ ನಾಲ್ಕರಲ್ಲಿ ಅವರು ಅಶಕ್ತರಂತೆ. ಹೇಳಿದುದನ್ನು ಹಿಡಿಯುವುದು, ಹಿಡಿದುದನ್ನು ಉಳಿಸಿಕೊಳ್ಳುವುದು, ಅದರ ಅರ್ಥವನ್ನು ತಿಳಿಯುವುದು, ತಿಳಿದುದನ್ನು ಸಭೆಯ ಇದಿರಿನಲ್ಲಿ ಮಾಡಿತೋರಿಸುವುದು, ಇವೇ ಆ ನಾಲ್ಕು. ಶಿಷ್ಯನ ಯೋಗ್ಯತೆಗೆ ಹೇಳಿದ ಈ ಲಕ್ಷಣಗಳನ್ನು ಶಾಲೆಯ ಪರೀಕ್ಷೆಗೂ ಹಿಡಿಯಬಹುದು. ಈ ನಾಲ್ಕಕ್ಕೂ ಎಡೆಯಿರುವ ಶಾಲೆಯೇ ಶಾಲೆ. ಮೂರು ತಿಂಗಳಲ್ಲಿ ಧಾರಣೆಯಾಗದು, ಪುಸ್ತಕದಿಂದ ಮಾತ್ರವೇ ಪ್ರಯೋಗವಾಗದು, ಕುಣಿತವೊಂದರಿಂದ ಜ್ಞಾನವಾಗದು.

ಕಾರ್ಕಳದ ಸೋದರಮಾವನು ತೆಂಕುತಿಟ್ಟಿನ ಆಟಗಳನ್ನು ನಲವತ್ತು ವರ್ಷಗಳಿಂದ ನೋಡಿದವನು. ಅವನು ಭಾವನಿಗೆ ಮೊದಲು ನೆನಪಿಸಿದುದು ಮುದ್ದಣನನ್ನು. ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ 1901ರಲ್ಲಿಯೇ ತೀರಿಹೋದ ಆ ಕವಿಯು ರಾಮಾಶ್ವಮೇಧದಿಂದ ಹೆಸರಾದವನು; 'ರತ್ನಾವತೀ ಕಲ್ಯಾಣ', 'ಕುಮಾರ ವಿಜಯ' ಎಂಬ ಯಕ್ಷಗಾನ ಪ್ರಸಂಗಗಳನ್ನೂ ಬರೆದವನು. ಆದರೆ ಅವನ ಹೊಟ್ಟೆಪಾಡಿನ ಉದ್ಯೋಗವು ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ಅಂಗಸಾಧನೆಯನ್ನು ಕಲಿಸುವುದಾಗಿದ್ದಿತು. "ಭಾವಾ, ಮೈಯನ್ನೂ ಮಾತನ್ನೂ ಬೇರೆಬೇರೆ ಎಂದೆಣಿಸಬೇಡಿ. ಇವೆರಡನ್ನೂ ಒಟ್ಟಿಗೆ ಪಳಗಿಸುವಲ್ಲಿಗೆ ಹುಡುಗನನ್ನು ಕಳಿಸಿದರೆ ಅವನು ಕೆಡುವುದಿಲ್ಲ" ಎಂದನು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯವನ್ನು ನಾಲ್ಕಾಗಿ ಶಾಸ್ತ್ರವು ವಿಂಗಡಿಸಿದುದು ತಿಳಿವಳಿಕೆಯ ಅನುಕೂಲಕ್ಕೆ. ರಂಗದಲ್ಲಿ ಅವು ಒಂದೇ ದೇಹದಲ್ಲಿರುವುವು.

ಇನ್ನು ಗುರುಮನೆಗಳ ಮಾತು. ಕನ್ನಡಿಗರ ಪುಣ್ಯದಿಂದ ಅವುಗಳಿಗೆ ಕೊರತೆಯಿಲ್ಲ. ಮನೆಗೆ ಎಲ್ಲಕ್ಕಿಂತ ಸಮೀಪವಾದುದು ಉಡುಪಿಯ ಯಕ್ಷಗಾನ ಕೇಂದ್ರ. ಇದು 1971ರಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ, ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರ ಉತ್ಸಾಹದಿಂದಲೂ ಶಿವರಾಮ ಕಾರಂತರ ಬೆಂಬಲದಿಂದಲೂ ಹುಟ್ಟಿತು. 'ಯಕ್ಷಗಾನ ಬಯಲಾಟ'ವೆಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕಾರಂತರು ಇಲ್ಲಿಯ ಕಲಾವಿದರೊಡನೆ ಹಲವು ಪ್ರಯೋಗಗಳನ್ನು ನಡೆಸಿದರು. ಮದ್ದಲೆಯ ಹಿರಿಯಡ್ಕ ಗೋಪಾಲರಾಯರು, ಭಾಗವತರಾದ ನೀಲಾವರ ರಾಮಕೃಷ್ಣಯ್ಯನವರು, ಕುಣಿತದ ಮಟಪಾಡಿ ವೀರಭದ್ರ ನಾಯಕರು ಇಲ್ಲಿ ಕಲಿಸಿದರು. ನೂರು ವರ್ಷ ದಾಟಿ ಬಾಳಿ 2020ರಲ್ಲಿ ತೀರಿಹೋದ ಗೋಪಾಲರಾಯರಲ್ಲಿಗೆ ಅಮೆರಿಕದ ಮಾರ್ತಾ ಆಶ್ಟನ್ ಎಂಬಾಕೆಯು ಬಂದು ಯಕ್ಷಗಾನವನ್ನು ಕಲಿತು, 1977ರಲ್ಲಿ ಅದರ ವಿಷಯವಾಗಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದುದನ್ನು ಉಡುಪಿಯ ಹಿರಿಯರು ಬಲ್ಲರು. ಅಲ್ಲಿಯೇ ಕಲಿತು ಅಲ್ಲಿಯೇ ಗುರುವಾದವರು ಬನ್ನಂಜೆ ಸಂಜೀವ ಸುವರ್ಣರು. ಬಡಗುತಿಟ್ಟು ಅಲ್ಲಿಯ ಮುಖ್ಯ ಪಾಠ. ಹುಡುಗರು ಗುರುಕುಲದಂತೆ ಅಲ್ಲಿಯೇ ಉಂಡು ಮಲಗಿ ಕಲಿಯುವರು.

ಉತ್ತರಕ್ಕೆ ಹೋದರೆ ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆಯವರ ಮೇಳವಿದೆ. ಅದನ್ನು 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು 1986ರಲ್ಲಿ ಅಲ್ಲಿ ಶಿಕ್ಷಣ ಕೇಂದ್ರವನ್ನು ತೆರೆದರು. ಘಟ್ಟವನ್ನು ಹತ್ತಿದರೆ ಸಾಗರದ ಬಳಿಯ ಹೆಗ್ಗೋಡು. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ, 1985ರಲ್ಲಿ ಊರೂರು ತಿರುಗಿ ಆಡುವ ತಿರುಗಾಟವನ್ನೂ ಆರಂಭಿಸಿತು. ಅದರ ರೂವಾರಿಯಾದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು. ಹಳ್ಳಿಯಲ್ಲಿದ್ದುಕೊಂಡೇ ಕಾಳಿದಾಸನನ್ನೂ ಶೇಕ್ಸ್‌ಪಿಯರನನ್ನೂ ಕನ್ನಡದಲ್ಲಿ ಆಡಬಲ್ಲ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಅದು ಸಿದ್ಧಗೊಳಿಸಿದೆ. ಮೈಸೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ರಂಗಾಯಣವಿದೆ. ದಿಲ್ಲಿಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆಯಿದೆ. ಅಲ್ಲಿಯ ಶಿಕ್ಷಣ ಮೂರು ವರ್ಷದ್ದು. ಪದವಿಯನ್ನು ಮುಗಿಸಿ, ನಾಟಕಗಳಲ್ಲಿ ದುಡಿದ ಅನುಭವವುಳ್ಳವರಿಗೆ ಮಾತ್ರ ಅಲ್ಲಿ ಪ್ರವೇಶ.

ಇಷ್ಟರಲ್ಲಿ ಯಾವುದನ್ನು ಆರಿಸಬೇಕು? ಕಾಳಿದಾಸನು 'ಮಾಲವಿಕಾಗ್ನಿಮಿತ್ರ'ದಲ್ಲಿ ಇದಕ್ಕೊಂದು ದಾರಿಯನ್ನು ತೋರಿಸಿದ್ದಾನೆ. ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡಿ ರಾಜನ ಬಳಿಗೆ ಬಂದಾಗ, ತೀರ್ಪು ಹೇಳುವ ಭಾರವು ಪಂಡಿತಕೌಶಿಕಿಯ ಪಾಲಿಗೆ ಬರುತ್ತದೆ. ಕೆಲವರಿಗೆ ವಿದ್ಯೆಯು ತಮ್ಮಲ್ಲಿ ಮಾತ್ರ ನೆಲೆಸಿರುವುದು, ಕೆಲವರಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿ ವಿಶೇಷವಾಗಿರುವುದು, ಎರಡೂ ಉಳ್ಳವನೇ ಗುರುಗಳಲ್ಲಿ ಮೊದಲಿಗನು ಎಂಬುದು ಆಕೆಯ ಮತ. ಆದಕಾರಣ ಆಚಾರ್ಯರು ತಾವು ಕುಣಿಯುವುದಲ್ಲ, ತಮ್ಮ ಶಿಷ್ಯೆಯರನ್ನು ರಂಗಕ್ಕೆ ತರಬೇಕಾಗುತ್ತದೆ. ಶಾಲೆಯ ಕಟ್ಟಡವನ್ನೂ ಗೋಡೆಯ ಮೇಲಣ ಭಾವಚಿತ್ರಗಳನ್ನೂ ನೋಡಿ ಮರುಳಾಗುವ ತಂದೆತಾಯಿಗಳು ಈ ತೀರ್ಪನ್ನು ಮನಸ್ಸಿನಲ್ಲಿಡತಕ್ಕದ್ದು. ನೋಡಬೇಕಾದುದು ಗುರುವಿನ ಕೀರ್ತಿಯನ್ನಲ್ಲ, ಎರಡು ವರ್ಷ ಕಲಿತ ಸಾಮಾನ್ಯ ಶಿಷ್ಯನ ಹೆಜ್ಜೆಯನ್ನು. ಜಾಣ ಶಿಷ್ಯನು ಎಲ್ಲಿಯಾದರೂ ಕಲಿತಾನು. ಸಾಮಾನ್ಯನನ್ನು ಎಲ್ಲಿಯವರೆಗೆ ತಂದು ನಿಲ್ಲಿಸಿದರೆಂಬುದೇ ಶಾಲೆಯ ಬೆಲೆ.

ಕಾಪುವಿನ ಮನೆಯವರು ಹಾಗೆಯೇ ಮಾಡಿದರು. ಉಡುಪಿಗೂ ಮಣಿಪಾಲಕ್ಕೂ ನಡುವಣ ಇಂದ್ರಾಳಿಗೆ ಹೋಗಿ ಹುಡುಗರ ಅಭ್ಯಾಸವನ್ನು ಕುಳಿತು ನೋಡಿದರು. ಬೇರೊಂದು ದಿನ ಹೆಗ್ಗೋಡಿನ ತಿರುಗಾಟದ ನಾಟಕವು ಉಡುಪಿಗೆ ಬಂದಾಗ ಅದನ್ನೂ ನೋಡಿದರು. ಒಂದೇ ಹೆಜ್ಜೆಯನ್ನು ಇಪ್ಪತ್ತು ಸಲ ತಿದ್ದಿಸಿಕೊಳ್ಳುತ್ತಿದ್ದ ಎಳೆಯ ಬಾಲಕನನ್ನು ನೋಡುತ್ತ ಹುಡುಗನ ಮುಖವು ಚಿಕ್ಕದಾಯಿತು. ಅವನು ಆ ತನಕ ಕಂಡಿದ್ದುದು ರಾತ್ರಿಯ ಕಿರೀಟವನ್ನು, ಹಗಲಿನ ಬೆವರನ್ನಲ್ಲ. ಮರಳುವಾಗ ತಾಯಿಯು, "ಮಗಾ, ಈಗಲೂ ಬೇಕೆನ್ನುವೆಯಾ?" ಎಂದು ಕೇಳಿದಳು. ಅವನು ಕೂಡಲೇ ಉತ್ತರ ಕೊಡದೆ ಎರಡು ದಿನ ಸುಮ್ಮನಿದ್ದು, ಅನಂತರ ಬೇಕೆಂದನು. ಹಿಂದಿನ ಬಯಕೆಗಿಂತ ಆ ಎರಡು ದಿನಗಳ ಮೌನದ ಮೇಲೆ ತಂದೆಗೆ ಹೆಚ್ಚು ನಂಬಿಕೆ ಹುಟ್ಟಿತು.

ಸೋದರಮಾವನಿಗೆ ಬೇರೆ ತೊಡಕೊಂದು ಕಂಡಿತು. ಕಾಪು ಕಾರ್ಕಳದ ಮಕ್ಕಳ ಕಣ್ಣು ಕಿವಿಗಳು ತೆಂಕುತಿಟ್ಟಿನಲ್ಲಿ ಬೆಳೆದವು; ಅದರ ಚೆಂಡೆಯ ಅಬ್ಬರ, ಬಣ್ಣದ ವೇಷದ ಒಡ್ಡೋಲಗ, ಗಿರಕಿ ಹೊಡೆಯುವ ಧೀಂಗಿಣ ಬೇರೆ; ಬಡಗಿನ ಮುಂಡಾಸು, ಹೆಜ್ಜೆಗಾರಿಕೆ, ಹಾಡಿನ ನಡೆ ಬೇರೆ. ಮನೆಯ ತಿಟ್ಟನ್ನು ಬಿಟ್ಟು ನೆರೆಯ ತಿಟ್ಟಿನಲ್ಲಿ ಪಾಠವಾದರೆ ಹುಡುಗನು ಎರಡಕ್ಕೂ ಸಲ್ಲದವನಾಗಲಾರನೇ? ಪ್ರಶ್ನೆಯು ಉಚಿತವಾದುದೇ. ಆದರೆ ಒಂದು ಭಾಷೆಯ ವ್ಯಾಕರಣವನ್ನು ಬುಡದಿಂದ ಕಲಿತವನಿಗೆ ಎರಡನೆಯ ಭಾಷೆಯು ಸುಲಭವಾಗುವಂತೆ, ತಾಳವನ್ನು ಮೈಯಲ್ಲಿ ಇಳಿಸಿಕೊಂಡವನು ಇನ್ನೊಂದು ಪದ್ಧತಿಯನ್ನು ಶ್ರಮಪಟ್ಟು ಪಡೆಯಬಲ್ಲನು. ಬಂಟ್ವಾಳದ ಕಡೆಯ ಬಾಬುಕೋಡಿಯ ಬಿ. ವಿ. ಕಾರಂತರು ಇದಕ್ಕೆ ದೊಡ್ಡ ನಿದರ್ಶನ. ಅವರು ಬಾಲ್ಯದಲ್ಲಿಯೇ ಗುಬ್ಬಿ ಕಂಪೆನಿಯನ್ನು ಸೇರಿದರು. ವೀರಣ್ಣನವರೇ ಅವರನ್ನು ವಿದ್ಯಾಭ್ಯಾಸಕ್ಕಾಗಿ ಕಾಶಿಗೆ ಕಳುಹಿಸಿದರು. ಬಳಿಕ ದಿಲ್ಲಿಯ ನಾಟಕ ಶಾಲೆಯಲ್ಲಿ ಕಲಿತು 1977ರಲ್ಲಿ ಅದಕ್ಕೇ ನಿರ್ದೇಶಕರಾದರು. ಆ ಶಾಲೆಯವರಿಂದ ಅವರು 'ಮ್ಯಾಕ್‌ಬೆತ್' ನಾಟಕವನ್ನು ಹಿಂದಿಯಲ್ಲಿ ಆಡಿಸಿದಾಗ ಅದಕ್ಕೆ ತೊಡಿಸಿದುದು ಯಕ್ಷಗಾನದ ಉಡುಗೆಯನ್ನು. ಊರಿನ ವಿದ್ಯೆಯನ್ನು ಹೊತ್ತು ಹೋದವನಿಗೆ ದೂರದ ಶಾಲೆಯು ಹೆಚ್ಚನ್ನು ಕೊಡುವುದು.

ಕಡೆಯದಾಗಿ ತಾಯಿಯು ಕೇಳಿದುದು ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ: "ಮಳೆಗಾಲಕ್ಕೆ ಏನು ಗತಿ?" ಮೇಳಗಳು ದೀಪಾವಳಿಯ ಅನಂತರ ಹೊರಟು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವುವು. ಆಮೇಲೆ ಮಳೆಯ ದಿನಗಳಲ್ಲಿ ಚಿಕ್ಕಮೇಳವೆಂದು ಮನೆಮನೆಗೆ ಹೋಗಿ ಕುಣಿಯುವವರೂ ತಾಳಮದ್ದಲೆಯಲ್ಲಿ ಅರ್ಥ ಹೇಳುವವರೂ ಉಂಟು. ಎಲ್ಲರಿಗೂ ಅದು ಸಾಲದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎರಡನೆಯ ತರಗತಿಗೆ ಶಾಲೆಯನ್ನು ಬಿಟ್ಟು ಮೇಳವನ್ನು ಸೇರಿ 2012ರಲ್ಲಿ ಪದ್ಮಶ್ರೀಯನ್ನು ಪಡೆದರು, ನಿಜ. ಆದರೆ ಒಬ್ಬ ಚಿಟ್ಟಾಣಿಯನ್ನು ತೋರಿಸಿ ಎಲ್ಲ ಹುಡುಗರನ್ನೂ ಶಾಲೆ ಬಿಡಿಸುವುದು ವಿವೇಕವಲ್ಲ. ತಾಳಮದ್ದಲೆಯಲ್ಲಿ ಇದಿರಾಳಿಯ ಮಾತಿಗೆ ಆ ಕ್ಷಣದಲ್ಲಿಯೇ ಉತ್ತರ ಹೇಳಬೇಕಾದವನಿಗೆ ಕುಮಾರವ್ಯಾಸನೂ ತೊರವೆಯ ನರಹರಿಯೂ ಪಾರ್ತಿಸುಬ್ಬನೂ ತಿಳಿದಿರಬೇಕು. ಓದು ನಟನ ವೈರಿಯಲ್ಲ, ಅವನ ಬುತ್ತಿ.

ಹೀಗೆ ನಾಲ್ವರೂ ಕುಳಿತು ನಿಶ್ಚಯಿಸಿದುದೇನೆಂದರೆ, ಹುಡುಗನು ಉಡುಪಿಯಲ್ಲಿಯೇ ಕನ್ನಡ ಸಂಸ್ಕೃತಗಳನ್ನು ತೆಗೆದುಕೊಂಡು ಪದವಿಯ ಓದನ್ನು ನಡೆಸತಕ್ಕದ್ದು, ಮುಂಜಾನೆಯೂ ಸಂಜೆಯೂ ಹೆಜ್ಜೆಯನ್ನು ಕಲಿಯತಕ್ಕದ್ದು. ಮೂರು ವರ್ಷಗಳ ಮೇಲೆಯೂ ಮನಸ್ಸು ಹಾಗೆಯೇ ನಿಂತಿದ್ದರೆ ಹೆಗ್ಗೋಡಿಗೋ ದಿಲ್ಲಿಗೋ ಅರ್ಜಿ ಹಾಕತಕ್ಕದ್ದು. ಮಣಿಪಾಲದ ಇಂಜಿನಿಯರಿಂಗ್ ಪ್ರವೇಶಕ್ಕೆ ಹಣ ಕಟ್ಟುವ ಕಡೆಯ ದಿನವು ಮನೆಯಲ್ಲಿ ಯಾರೂ ಮಾತೆತ್ತದೆ ಕಳೆದುಹೋಯಿತು. ಆ ರಾತ್ರಿ ತಂದೆಗೆ ನಿದ್ದೆ ಬರಲಿಲ್ಲವೆಂಬುದನ್ನು ತಾಯಿಯೊಬ್ಬಳೇ ಬಲ್ಲಳು. ಈ ನಿಶ್ಚಯವು ಫಲಿಸುವುದೆಂದು ಯಾರು ತಾನೇ ಮುಚ್ಚಳಿಕೆ ಬರೆದುಕೊಟ್ಟಾರು?

ವಾಚಕರ ಮನೆಗಳಲ್ಲಿಯೂ ಇಂಥ ಮಾತು ಇಂದಲ್ಲ ನಾಳೆ ಹುಟ್ಟೀತು. ಮಗನಿಗಾಗಲಿ ಮಗಳಿಗಾಗಲಿ ಆಗ ಒಮ್ಮೆಲೇ ಬೇಡವೆನ್ನುವುದೂ, ಬೇಡಿದ ಹಣವನ್ನು ಯಾವುದೋ ಶಾಲೆಗೆ ಕಟ್ಟಿ ಕೈತೊಳೆದುಕೊಳ್ಳುವುದೂ ಒಂದೇ ಬಗೆಯ ಅಲಕ್ಷ್ಯ. ಜೊತೆಗೆ ಹೋಗಿ ಅಭ್ಯಾಸವನ್ನು ನೋಡಬೇಕು. ಸಾಮಾನ್ಯ ಶಿಷ್ಯನನ್ನು ನೋಡಬೇಕು. ಕಲಿತು ಹೊರಬಂದವರು ಐದು ವರ್ಷಗಳ ಮೇಲೆ ಏನನ್ನು ಉಣ್ಣುತ್ತಿದ್ದಾರೆಂದು ಸಂಕೋಚವಿಲ್ಲದೆ ವಿಚಾರಿಸಬೇಕು. ಅಷ್ಟನ್ನು ಮಾಡಿದ ಮೇಲೂ ಮಗು ಬೇಕೆಂದೇ ಹೇಳಿದರೆ, ಹರಕೆಯ ಆಟಕ್ಕೆ ವರ್ಷಗಟ್ಟಲೆ ಕಾದ ಮನೆಯು ಮಗುವಿನ ವಿದ್ಯೆಗಾಗಿ ಕೆಲವು ವರ್ಷ ಕಾಯಲಾರದೆ?